ಇಳಿಯದ ಮುಳ್ಳು

ಇನ್ಮೇಲೆ ಇದು ನಡುರಸ್ತೇಲಿ ಯಾವತ್ತೂ ಆಫ್ ಆಗಲ್ಲ ಕಣೇ, ನನ್ನ ಮಾತು, ಅಂತ ಅಪ್ಪ ಅಮ್ಮನಿಗೆ ಹೇಳಿದಾಗ ನನಗೆ ಆರು ವರ್ಷ, ಹಿಂದಿನ ಸೀಟಿನಲ್ಲಿದ್ದೆ, ಸಿಗ್ನಲ್ಲಿನಲ್ಲಿ ಕಾರು ನಿಂತು, ಹಿಂದಿನವರೆಲ್ಲ ಹಾರ್ನ್ ಹೊಡೆದು, ಅಮ್ಮ ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತ ದಿನ ಅದು — ಈಗ ಅಪ್ಪ ಇಲ್ಲ, ಕಾರು ಇದೆ, ಅರಚುತ್ತಿದೆ, ಯಾರೂ ಆಕ್ಸಿಲರೇಟರ್ ಮುಟ್ಟದೆಯೇ ಎಂಜಿನ್ ಸುತ್ತಿನ ಮುಳ್ಳು ಸಾವಿರದ ಎಂಟುನೂರರಲ್ಲಿ, ಎಂಟುನೂರಕ್ಕೆ ಇಳಿಯಬೇಕಾದದ್ದು ಇಳಿಯುತ್ತಿಲ್ಲ, ಹನ್ನೊಂದಕ್ಕೆ ಅಣ್ಣ ಬರುತ್ತಾನೆ, ಅಮ್ಮನಿಂದ ಕೀ ಇಸಿದುಕೊಳ್ಳಲು, ಹೋದ ವಾರ ಕ್ಲಚ್ ಬಿಡುತ್ತಿದ್ದಂತೆ ಇದು ಅವಳನ್ನು ಹೊತ್ತು ಎದುರುಮನೆ ಗೇಟಿಗೆ ನುಗ್ಗಿತಲ್ಲ, ಎಪ್ಪತ್ತೆರಡಾಯ್ತು, ಕಾಲು ಎಲ್ಲಿಟ್ಟಿದೀನಿ ಅನ್ನೋದೇ ಗೊತ್ತಾಗಲ್ಲ ಇವಳಿಗೆ, ಇನ್ನು ಸಾಕು ಅಂದ ಅಣ್ಣ, ನಾನು ಒತ್ತಲೇ ಇಲ್ಲ ಕಣೋ, ಅದೇ ಹೋಯ್ತು ಅಂದಳು ಅಮ್ಮ, ಯಾರೂ ನಂಬಲಿಲ್ಲ, ನಾನೂ ಅವಳ ಮಾತಿಗೆ ಹೂಂ ಅನ್ನಲಿಲ್ಲ — ಆರು ದಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ನಿಂತು ದುಡಿದ ನನ್ನ ಕಾಲು ಏಳನೆಯ ದಿನ ಬಾನೆಟ್ಟಿನ ಮುಂದೆ ನಿಂತಿದೆ, ಮನೆಯೊಳಗೆ ನನ್ನ ಮಕ್ಕಳ ಯೂನಿಫಾರ್ಮ್ ನೆನೆಹಾಕಿದ್ದು ಹಾಗೇ ಇದೆ, ಇರಲಿ, ಗಾಳಿ ತಡೆಯುವ ಚೋಕ್ ನೋಡಿದೆ, ಪೂರ್ತಿ ತೆರೆದಿದೆ, ತಪ್ಪು ಅಲ್ಲಿಲ್ಲ, ಗಾಳಿ ಪೈಪುಗಳ ಸುತ್ತ ನೀರು ಚಿಮುಕಿಸಿದೆ, ಬಿರುಕಿದ್ದರೆ ಸದ್ದು ಬದಲಾಗಬೇಕು, ಬದಲಾಗಲಿಲ್ಲ, ಅಮ್ಮ ಕಿಟಕಿಯಿಂದ ತಲೆ ಹೊರಹಾಕಿ ಪೇಷಂಟು ಉಳಿಯುತ್ತಾ ಡಾಕ್ಟ್ರೇ ಅನ್ನುತ್ತಾಳೆ, ಪೆಡಲ್ ಮೇಲಿಂದ ಕಾಲು ತೆಗಿಯಮ್ಮ, ತೆಗೆದೇ ಇದೀನಿ ನೋಡೇ, ಹೌದು, ಎರಡೂ ಕಾಲು ಪಕ್ಕದ ಸೀಟಿನ ಮೇಲೆ ಚಾಚಿ ಕೂತಿದ್ದಾಳೆ, ಮುಳ್ಳು ಅಲ್ಲೇ.

ಹಾಗಾದರೆ ಆಕ್ಸಿಲರೇಟರ್ ಕೇಬಲ್, ಹೋದ ತಿಂಗಳು ನಾನೇ ಹೊಸದು ಹಾಕಿದ್ದು, ಬೆರಳಿಂದ ಒತ್ತಿದರೆ ಚೂರು ಸಡಿಲ ಸಿಗಬೇಕು, ಸಿಗುತ್ತಿಲ್ಲ, ಬಟ್ಟೆ ಒಣಹಾಕುವ ತಂತಿಯ ಹಾಗೆ ಬಿಗಿದುಕೊಂಡಿದೆ, ಅದನ್ನು ಸಿಕ್ಕಿಸುವ ಪಟ್ಟಿಯ ಹತ್ತಿರ, ಕೇಬಲ್ಲನ್ನು ಎಳೆದು ಹಿಡಿಯುವ ಹಾಗೆ, ಒಂದು ನೀಲಿ ರಬ್ಬರ್ ಬಿಲ್ಲೆ, ಕಂಪನಿಯದಲ್ಲ, ಕತ್ತರಿಯಲ್ಲಿ ಕೊರೆದದ್ದು, ಹೋದ ತಿಂಗಳೂ ನೋಡಿದ್ದೆ, ನೋಡಿ ಮತ್ತೆ ಅಲ್ಲೇ ಇಟ್ಟಿದ್ದೆ, ಬಿಚ್ಚಿದ್ದನ್ನು ಬಿಚ್ಚಿದ ಹಾಗೇ ಜೋಡಿಸಬೇಕು ಪುಟ್ಟಿ, ಅಂತ ರಿಪೇರಿಗೆ ಬಂದ ಹೊಲಿಗೆಯಂತ್ರಗಳ ಮುಂದೆ ಕೂರಿಸಿಕೊಂಡು ಕಲಿಸಿದವನು ಅಪ್ಪ, ಎಂಜಿನ್ ಸ್ವಲ್ಪ ಜೋರಾಗಿ ತಿರುಗುತ್ತಿರಲಿ, ನಿಲ್ಲದಿರಲಿ ಎಂದು ಇದನ್ನಿಟ್ಟವನೂ ಅವನೇ, ಹಳೆಯ ಕೇಬಲ್ ಜಗ್ಗಿ ಜಗ್ಗಿ ಉದ್ದವಾಗಿತ್ತು, ತಡೆದುಕೊಂಡಿತು, ಹೊಸದಕ್ಕೆ ಈ ಬಿಲ್ಲೆ ಅಂದರೆ ಯಾರೋ ಸದಾ ಪೆಡಲ್ ತುಳಿದ ಹಾಗೆ — ಅಂದರೆ ಗೇಟಿಗೆ ಗುದ್ದಿದ್ದು ನಾನು. ಕಿತ್ತು ಅಂಗೈ ಮೇಲಿಟ್ಟು ತೋರಿಸಿದೆ, ಅಮ್ಮ ಕನ್ನಡಕ ಸರಿಮಾಡಿಕೊಂಡಳು, ಅಯ್ಯೋ ಇದು ನನ್ನ ಚಪ್ಪಲಿ ಕಣೇ, ಒಂದು ಕಾಲಿಂದು ಕಳೆದೋಯ್ತು ಅಂತ ಬೀದಿ ನಾಯೀನ ಎಷ್ಟು ಬೈದಿದ್ದೆ, ಕಳ್ಳ, ಬಾಯೇ ಬಿಡ್ಲಿಲ್ಲ ನಿಮ್ಮಪ್ಪ, ನಗುತ್ತಾಳೆ, ನಗು ಅರ್ಧಕ್ಕೆ ನಿಲ್ಲುತ್ತದೆ, ವಾಪಸ್ ಇಡ್ಲೇನಮ್ಮಾ, ಬೇಡ, ಬ್ರೇಕ್ ಒತ್ತಿ ಒತ್ತಿ ನನ್ನ ಮಂಡಿ ಹೋಗಿದ್ದೇ ಇದರಿಂದ, ಎಸಿ ಆಚೆ.

ಮುಳ್ಳು ಇಳಿಯಿತು, ಎಂಟುನೂರು, ಅಣ್ಣನಿಗೆ ಫೋನ್ ಮಾಡಿ ಹೇಳಿದೆ, ತಪ್ಪು ಅವಳದಲ್ಲ ನಂದು, ಸರಿ ಬಿಡು, ಕೀ ಅವಳ ಹತ್ರಾನೇ ಇರ್ಲಿ ಅಂದ, ಅಷ್ಟರಲ್ಲಿ ಅಮ್ಮ ಹೊರಟೇ ಬಿಟ್ಟಿದ್ದಾಳೆ, ಮುಖ್ಯರಸ್ತೆಗೆ ತಿರುಗಿಸುವಲ್ಲಿ ಕಾರು ಒಮ್ಮೆ ಕೆಮ್ಮಿ ಆಫ್ ಆಯಿತು, ಹಿಂದೆ ಒಂದು ಹಾರ್ನ್, ಇನ್ನೊಂದು, ಕಿಟಕಿಯಿಂದ ಕೈ ಹೊರಬಂತು, ತಡೀರಪ್ಪ, ಏನು ರೈಲು ಹಿಡೀಬೇಕಾ, ಕೀ ತಿರುಗಿಸಿದಳು, ಹೋದಳು. ಅಪ್ಪ ಕೊಟ್ಟ ಮಾತು ಮುರಿಯಿತು.