ಮುದುಕಪ್ಪನ ರಬ್ಬರ್ ಹಾಸಿಗೆ

ತೊಗಲಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವನು ಮಸ್ಕಿಯಲ್ಲಿ ಇನ್ನೂ ಹುಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆ ಹಾಳಾದದ್ದೇ ಈ ಸೊಕ್ಕಿನಿಂದ. ಎತ್ತುಗಳು ಬಾವಿಯಿಂದ ನೀರೆಳೆಯುವ ಕಪಲಿಗೆ ತೊಗಲ ಬಾನಿ ಹೊಲಿಯುವುದು ನನ್ನ ಕಸುಬು. ನಲವತ್ತು ವರ್ಷದಲ್ಲಿ ಈ ಅಂಬಪ್ಪ ಹೊಲಿದ ಬಾನಿ ಸೋರಿತು ಎಂದು ಒಬ್ಬ ರೈತನೂ ನನ್ನ ಬಾಗಿಲಿಗೆ ಬಂದವನಲ್ಲ.

ನನ್ನ ಮಗ ಮುದುಕಪ್ಪನಿಗೆ ಪೊಲೀಸ್ ಆಕ್ಷನ್ ಆದ ಮೂರನೆಯ ವರ್ಷ ಕಾಲುವೆ ಸರ್ವೆಯಲ್ಲಿ ನೆಲ ಅಳೆಯುವ ಸರಪಳಿ ಹಿಡಿಯುವ ಕೆಲಸ ಸಿಕ್ಕಿತು. ನಮ್ಮ ವಂಶದಲ್ಲಿ ತಿಂಗಳ ಪಗಾರ ಕಂಡವನು ಅವನೊಬ್ಬನೇ. ಮಳೆಗಾಲ ಮುಗಿಯುವ ತನಕ ಒಂದು ದಿನವೂ ತಪ್ಪದೆ ನಿಂತರೆ ಕೆಲಸ ಕಾಯಂ, ತಪ್ಪಿದರೆ ಹೆಸರು ಹೊಡೆಯುತ್ತೇನೆ ಎಂದು ಓವರ್‌ಸಿಯರ್ ಹೇಳಿದ್ದರಂತೆ. ಕಾಲುವೆ ನೀರು ಬಂದಮೇಲೆ ನನ್ನ ಬಾನಿ ಯಾರಿಗೆ ಬೇಕು? ಆ ನೌಕರಿ ನಿಲ್ಲಲೇಬೇಕಾಗಿತ್ತು.

ಆದರೆ ಮಗನ ಸೊಂಟ ನೆಟ್ಟಗಿರಲಿಲ್ಲ. ಹಿಂದಿನ ವರ್ಷ ನನ್ನ ಜೊತೆ ಬಾನಿ ಕಟ್ಟಲು ಬಂದು ಬಾವಿಯ ಕಟ್ಟೆಯಿಂದ ಬಿದ್ದಿದ್ದ. ಈಗ ತುರ್ವಿಹಾಳದ ಆಚೆ ಎರೆಹೊಲದಲ್ಲಿ ಡೇರೆ ವಾಸ. ನೆಲದ ಥಂಡಿ ಕಂಬಳಿ ದಾಟಿ ಸೊಂಟಕ್ಕೆ ಹತ್ತುತ್ತಿತ್ತು, ಬೆಳಿಗ್ಗೆ ಇನ್ನೊಬ್ಬರು ಕೈಹಿಡಿದು ಎಬ್ಬಿಸಬೇಕಿತ್ತು. ನಾಲ್ಕು ದಿನಕ್ಕೊಮ್ಮೆ ಡೇರೆ ಕೀಳುತ್ತಾರೆ, ಅವರವರ ಗಂಟು ಅವರವರ ಹೆಗಲಿಗೆ. ಮಲಗುವ ಹೊರಸು ಹೊರಲಾಗದು, ಹುಲ್ಲು ಹಾಸಿದರೆ ಒಂದು ಮಳೆಗೆ ಮುದ್ದೆ. ಓವರ್‌ಸಿಯರ್ ಬಳಿ ರಬ್ಬರ್ ಹಾಸಿಗೆಯೊಂದಿದೆ, ಬಾಯಿಂದ ಊದಿದರೆ ಉಬ್ಬುತ್ತದೆ, ಗಾಳಿ ಬಿಟ್ಟರೆ ಧೋತರದ ಹಾಗೆ ಮಡಚಿ ಇಡಬಹುದು ಎಂದು ಊರಿಗೆ ಬಂದಾಗ ಹೇಳಿದ. ಹೇಳಿದನೇ ಹೊರತು ಬೇಕೆಂದು ಕೇಳಲಿಲ್ಲ.

ನನ್ನ ಹೆಂಡತಿ ಯಮನಮ್ಮ ಮರುದಿನವೇ ಹಾಲು ಕೊಡುವ ಮೇಕೆಯನ್ನು ಮಾರಿ ಬಂದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ನಮ್ಮ ಮಗನಿಗೆ ಹಾಸಿಗೆಯೇ ಇಲ್ಲವಲ್ಲ ಎಂದು ನನ್ನ ಕೈಗೆ ರೊಕ್ಕ ಹಾಕಿದಳು.

ಲಿಂಗಸುಗೂರಿನಲ್ಲಿ ಹಸನ್‌ಸಾಬ್ ಎಂಬವನ ಅಂಗಡಿ. ಲಡಾಯಿ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಸಾಮಾನು ತಂದು ಮಾರುತ್ತಿದ್ದ. ಅವನ ಹತ್ತಿರ ಮೂರು ಹಾಸಿಗೆಗಳಿದ್ದವು. ಒಂದು ಹೊಚ್ಚ ಹೊಸದು, ಅದರ ಬೆಲೆಗೆ ಇನ್ನೂ ಎರಡು ಮೇಕೆ ಬೇಕಿತ್ತು. ಇನ್ನೊಂದು ತೀರಾ ಅಗ್ಗ, ಆದರೆ ಗಾಳಿ ಊದುವ ಬಾಯಿಗೆ ಬಿರಡೆಯಿಲ್ಲ. ಮೂರನೆಯದು ಹಸಿರು ಬಣ್ಣದ್ದು, ಅಗಲ ಕಡಿಮೆ, ಕಾಲ ಬಳಿ ಒಂದು ತೇಪೆ. ಅದನ್ನು ಊದಿ, ದನದ ನೀರಿನ ದೋಣಿಯಲ್ಲಿ ಮುಳುಗಿಸಿ ಹಿಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಮೇಲೆ ಕೂತು ಒಂದು ಚಹಾ ಮುಗಿಸಿದೆ, ಗಾಳಿ ಇಳಿಯಲಿಲ್ಲ. ಇಷ್ಟು ಪರೀಕ್ಷೆ ಹೆಣ್ಣು ನೋಡುವವರೂ ಮಾಡುವುದಿಲ್ಲ ಎಂದು ಹಸನ್‌ಸಾಬ್ ನಕ್ಕ. ಮೇಕೆಯ ರೊಕ್ಕ ಸರಿಯಾಗಿ ಸಾಕಾಯಿತು. ನೀರಿನಲ್ಲಿ ಒರೆಸಿ ನೆರಳಲ್ಲಿ ಇಡು, ಬೇರೆ ಏನೂ ಮಾಡಬೇಡ ಎಂದು ಹೇಳಿ ಕಟ್ಟಿಕೊಟ್ಟ.

ಮಾರುವವನಿಗೆ ಏನು ಗೊತ್ತು ಅಂದುಕೊಂಡೆ. ಮನೆಗೆ ತಂದು ಬಿಚ್ಚಿದರೆ ಮಡಿಕೆಗಳಲ್ಲಿ ಒಣಗಿ ಬೆಳ್ಳಗಾಗಿತ್ತು. ಒಣಗಿದ ತೊಗಲು ಬಿರಿಯುತ್ತದೆ, ಹೊಸ ಬಾನಿಗೆ ನಾವು ಕುಸುಬಿ ಎಣ್ಣೆ ಕಾಯಿಸಿ ಮೂರು ದಿನ ಉಣಿಸುತ್ತೇವೆ. ರಬ್ಬರ್ ಅಂದರೇನು, ಅದೂ ಒಂದು ನಮೂನೆಯ ತೊಗಲೇ ತಾನೆ? ಅದೇ ಎಣ್ಣೆಯನ್ನು ಅಂಗೈಯಿಂದ ಮೂರು ದಿನ ತಿಕ್ಕಿ ಉಣಿಸಿದೆ, ಬಿಸಿಲಿಗೆ ಹಾಕಿದೆ. ಎಷ್ಟು ಮೆತ್ತಗಾಯಿತೆಂದರೆ ಯಮನಮ್ಮ ಮುಟ್ಟಿ ಮುಟ್ಟಿ ನೋಡಿದಳು. ಮಗ ಬಂದು ಒಯ್ದ. ವಾರದ ಮೇಲೆ, ಚೆನ್ನಾಗಿ ನಿದ್ದೆ ಬರುತ್ತಿದೆ ಎಂದು ಗಾಡಿಯವನೊಬ್ಬನ ಕೈಲಿ ಹೇಳಿಕಳಿಸಿದ. ಓಣಿಯಲ್ಲೆಲ್ಲ ಸಾರಿಕೊಂಡು ಬಂದೆ, ಥೂ ನನ್ನ ಬಾಯಿಗಿಷ್ಟು.

ಮಳೆ ಹಿಡಿದ ನಾಲ್ಕನೆಯ ದಿನ ಮುದುಕಪ್ಪ ಗಾಡಿಯಲ್ಲಿ ಮಲಗಿಕೊಂಡು ಬಂದ. ಎರಡು ಬೆಳಗು ಏಳಲಾಗಿರಲಿಲ್ಲ. ಹೆಸರು ಹೊಡೆದಿದ್ದರು, ಸರಪಳಿ ಸಿಂಧನೂರಿನ ಒಬ್ಬನ ಕೈಗೆ ಹೋಗಿತ್ತು. ಹಾಸಿಗೆಗೆ ಜಾಲಿಮುಳ್ಳು ಚುಚ್ಚಿ ಗಾಳಿ ಹೋಯಿತು ಎಂದ. ಯಮನಮ್ಮ ಅಳುತ್ತ ಅವನ ಅಂಗಿ ಬಿಚ್ಚಿದಳು. ಬೆನ್ನಿನ ತುಂಬ ಏನೋ ಹಸಿರು ಜಿಗುಟು ಹತ್ತಿಕೊಂಡಿತ್ತು.

ಮುಳ್ಳಿನ ತೂತು ತಾನೆ, ತೇಪೆ ಹಾಕಿದರಾಯಿತು ಎಂದು ನಾನು ಹಾಸಿಗೆ ಎತ್ತಿಕೊಂಡು ಹಿತ್ತಲಿಗೆ ಹೋದೆ. ಮೇಲಿನ ರಬ್ಬರ್ ಹಳಸಿದ ಅಂಬಲಿಯ ಕೆನೆಯಂತೆ ನನ್ನ ಹೆಬ್ಬೆರಳಿಗೆ ಅಂಟಿ ಬಂತು. ಅಂಚುಗಳು ತಾವೇ ಬಿಟ್ಟುಕೊಂಡಿದ್ದವು. ಎಲ್ಲಿಯೂ ಮುಳ್ಳಿನ ತೂತಿರಲಿಲ್ಲ. ಗಾಳಿ ಊದುವ ಬಾಯಿಯ ಸುತ್ತ ಎಣ್ಣೆ ತಿಕ್ಕುವಾಗ ನನ್ನ ಅಂಗೈ ತಿರುಗದ ಒಂದು ಮೂಲೆಯಲ್ಲಿ ಮಾತ್ರ ರಬ್ಬರ್ ಗಟ್ಟಿಯಾಗಿತ್ತು. ಎಷ್ಟು ಹೊತ್ತು ಅದನ್ನೇ ಹಿಡಿದು ಕೂತಿದ್ದೆನೋ ನನಗೆ ಗೊತ್ತಿಲ್ಲ.

ಒಳಗೆ ಬಂದು ಮಗನ ಪಕ್ಕ ಕೂತೆ. ಯಮನಮ್ಮ ನೀರಿಗೆ ಹೋಗಿದ್ದಳು.

"ಮುಳ್ಳಲ್ಲ ಅದು," ಎಂದೆ. "ನಿನಗ ಯಾವಾಗ ಗೊತ್ತಾತು?"

ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. "ಮೊದಲನೇ ದಿನಾನ. ಓವರ್‌ಸಿಯರ್ ಸಾಹೇಬ್ರು ವಾಸನಿ ಹಿಡಿದು ಅಂದ್ರು, ಎಣ್ಣಿ ರಬ್ಬರ್‌ನ ತಿಂತೈತಿ, ಇದು ಹದಿನೈದು ದಿನ ಬಾಳಂಗಿಲ್ಲ ಅಂತ."

"ಮತ್ತ ನನಗ್ಯಾಕ ಹೇಳಲಿಲ್ಲೋ?"

ಅವನು ನನ್ನ ಕಡೆ ಕತ್ತು ಹೊರಳಿಸಿದ.

"ಹೇಳಿ ಏನ್ ಮಾಡೋದಿತ್ತಪ್ಪಾ? ನೌಕರಿ ಹೋಗೋದು ಹೋಕ್ಕಿತ್ತು. ನಾಳಿಂದ ಮತ್ತ ನಿನ್ನ ಕೈನ ನಮ್ಮನ್ನು ಸಾಕಬೇಕು. ಆ ಕೈ ಮ್ಯಾಲಿನ ನಂಬಿಕಿನೂ ಕಳಕೊಂಡ್ರ, ನೀ ಹೆಂಗ ಆರಿ ಹಿಡಿತಿದ್ದಿ?"

ಅಂದಿನಿಂದ ಹನ್ನೊಂದು ದಿನವಾಯಿತು. ಹೊಲಿಯುವ ಆರಿಯನ್ನು ನಾನು ಮುಟ್ಟಿಲ್ಲ.