ಗೋಡೆಗೆ ಮುಖ ಮಾಡಿದ ರೈಲುಕಾರು

ಬೆಂಜಮಿನ್ ಬೆಟಗೇರಿಯವರು ತೀರಿಕೊಂಡ ಸುದ್ದಿ ಬಂದ ದಿನ ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ. ಅದೇನೂ ಹೊಸದಲ್ಲ. ಆರು ವರ್ಷಗಳಿಂದ ಹಾಗೆಯೇ ನಿಂತಿದ್ದೆ. ಸುದ್ದಿ ತಂದವರು ಗಂಗವ್ವ, ನನ್ನ ಒಡೆಯ ಫಕೀರಪ್ಪ ಹೆಬಸೂರರ ಹೆಂಡತಿ. ಕೈಯಲ್ಲಿ ಕಾಯಿಪಲ್ಲೆಯ ಚೀಲ ಹಾಗೆಯೇ ಇತ್ತು.

“ಡ್ರೈವರ್ ಸಾಹೇಬ್ರು ಹೋದ್ರಂತ. ಇವತ್ತ ಸಂಜೀಕ ಮಣ್ಣು.”

ಫಕೀರಪ್ಪನವರು ನನ್ನ ಹಿಂದೆ ಸ್ಟೂಲಿನ ಮೇಲೆ ಕುಳಿತು ತಮ್ಮ ಟ್ಯಾಕ್ಸಿಯ ಪ್ಲಗ್ಗು ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ.

“ಯಾರಿಗೆ ಹೇಳಾಕತ್ತಿ?”

“ಈ ಗಾಡಿಗೆ ಹೇಳಾಕತ್ತೇನಿ. ನಿಮಗ ಕಿವಿ ಎಲ್ಲದಾವು?”

ಆಮೇಲೆ ಅವರ ದನಿ ತಗ್ಗಿತು. “ಮಣ್ಣಿಗೆ ಹೋಗಂಗಿಲ್ಲೇನು?”

“ಯಾವ ಮಾರಿ ತಗೊಂಡು ಹೋಗ್ಲಿ?”

ನಮ್ಮ ಹುಬ್ಬಳ್ಳಿಯ ಕಡೆ ಸತ್ತವರಿಗೆ ಒಂದು ಹಿಡಿ ಮಣ್ಣು ಹಾಕಲು ಹಗೆಯವನೂ ಹೋಗುತ್ತಾನೆ. ಹೋಗದೆ ಉಳಿದರೆ ಆ ಋಣ ತೀರುವುದಿಲ್ಲ ಎನ್ನುತ್ತಾರೆ. ಫಕೀರಪ್ಪನವರು ಬೆಂಜಮಿನ್ನರಿಗೆ ಹಗೆಯಲ್ಲ, ಗೆಳೆಯರು. ಅವರಿಬ್ಬರ ನಡುವೆ ಮಾತು ನಿಂತದ್ದು ನನ್ನಿಂದ. ಈ ನಾಚಿಕೆಯನ್ನು ಹೊತ್ತುಕೊಂಡೇ ನನ್ನ ಕಥೆ ಹೇಳುತ್ತೇನೆ.

ನಾನು ಒಂದು ಕಾರು. ಹುಟ್ಟಿದ್ದು ಸಮುದ್ರದ ಆಚೆ. ಹಡಗಿನ ಹೊಟ್ಟೆಯಲ್ಲಿ ಮುಂಬಯಿಗೆ ಬಂದೆ. ಗದಗಿನ ಹತ್ತಿ ವ್ಯಾಪಾರಿ ಶಿವಸಂಗಪ್ಪನವರು ನನ್ನನ್ನು ಮನೆಗೆ ತಂದ ದಿನ ಅವರ ಮನೆಯಾಕೆ ಸ್ಟಿಯರಿಂಗ್ ಚಕ್ರಕ್ಕೆ ಕುಂಕುಮ ಹಚ್ಚಿ, ನಾಲ್ಕೂ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟರು. ಲಿಂಬೆಹಣ್ಣು ಚಿಟಿಲ್ ಎಂದಾಗ ನಾನು ನನ್ನನ್ನೇ ದೊಡ್ಡವನೆಂದು ತಿಳಿದೆ. ಎತ್ತಿನ ಗಾಡಿಗಳು ದಾರಿ ಬಿಡುತ್ತಿದ್ದವು. ಆ ಸೊಕ್ಕು ಬಹಳ ಕಾಲ ಉಳಿಯಲಿಲ್ಲ. ಹತ್ತಿಯ ದರ ಬಿದ್ದಿತು. ಶಿವಸಂಗಪ್ಪನವರು ನನ್ನನ್ನು ಮಾರಿದರು. ಕೊಂಡವರು ರೈಲ್ವೆಯವರು.

ರೈಲಿನವರಿಗೆ ಕಾರು ಯಾಕೆ ಬೇಕು ಎಂದು ನಾನೂ ಕೇಳಿಕೊಂಡೆ. ಉತ್ತರ ಕಾರ್ಖಾನೆಯಲ್ಲಿ ಸಿಕ್ಕಿತು. ನನ್ನ ರಬ್ಬರು ಗಾಲಿ ಕಳಚಿ ಕಬ್ಬಿಣದ ಗಾಲಿ ತೊಡಿಸಿದರು. ಸ್ಟಿಯರಿಂಗ್ ಚಕ್ರವನ್ನು ಕಿತ್ತು ಮೂಲೆಗೆ ಎಸೆದರು. ಹಳಿ ಒಯ್ದ ಕಡೆಗೆ ಹೋಗುವವನಿಗೆ ಅದರ ಕೆಲಸವೇನು? ಅದು ಇದ್ದ ತೂತಿಗೆ ಒಂದು ತಗಡು ಬಡಿದರು. ಕುಂಕುಮದ ಹಣೆ ಬೋಳಾಯಿತು. ಪಕ್ಕೆಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ನಂಬರು ಬರೆದರು. ಅಂದಿನಿಂದ ನಾನು ಸಣ್ಣ ಹಳಿಯ ಮೇಲೆ ಇಂಜಿನಿಯರ್ ಸಾಹೇಬರನ್ನು ಕೂರಿಸಿಕೊಂಡು ದಾರಿ ತಪಾಸಣೆ ಮಾಡುವ ರೈಲುಕಾರು.

ಹೆಚ್ಚಿನ ನಾಚಿಕೆ ಊರು ಮುಟ್ಟಿದ ಮೇಲೆ ಕಾದಿರುತ್ತಿತ್ತು. ಹಳಿಯ ಮೇಲೆ ಕಾರು ಹೊರಳುವುದು ಹೇಗೆ? ನನ್ನ ಹೊಟ್ಟೆಯ ಕೆಳಗೆ ಒಂದು ಜಾಕು ಕೂರಿಸಿದ್ದರು. ಅದನ್ನು ಇಳಿಸಿ ತಿರುವಿದರೆ ನಾಲ್ಕೂ ಗಾಲಿ ಹಳಿ ಬಿಟ್ಟು ಮೇಲೇಳುತ್ತಿದ್ದವು. ಬಳಿಕ ಎಡಕ್ಕೊಬ್ಬ ಬಲಕ್ಕೊಬ್ಬ ನಿಂತು ನನ್ನನ್ನು ಬೀಸುಕಲ್ಲಿನಂತೆ ಸುತ್ತಿಸಿ, ಬಂದ ದಿಕ್ಕಿಗೆ ಮುಖ ಮಾಡಿ ಇಳಿಸುತ್ತಿದ್ದರು. ಒಬ್ಬನೇ ನೂಕಿದರೆ ವಾಲುತ್ತೇನೆ. ಇಬ್ಬರು ಬೇಕೇ ಬೇಕು. ಸ್ಟೇಷನ್ನಿನಲ್ಲಿ ನಿಂತ ಉಗಿಬಂಡಿಗಳು ಇದನ್ನು ನೋಡಿ ಬುಸ್ಸೆಂದು ನಗುತ್ತಿದ್ದವು. ಗೇಟಿನಲ್ಲಿ ನಿಂತ ಕಾರುಗಳು ನನ್ನನ್ನು ರೈಲು ಎಂದವು, ರೈಲುಗಳು ಕಾರು ಎಂದವು. ದೇವರು ಯಾವ ಜೀವಕ್ಕೂ ಎರಡು ಜಾತಿ ಕೊಡಲಿಲ್ಲ, ನನಗೆ ಮನುಷ್ಯರು ಕೊಟ್ಟರು.

ಮುಂದೆ ಸಣ್ಣ ಹಳಿ ಕಿತ್ತು ಅಗಲ ಹಳಿ ಹಾಕಿದರು. ಹಳಿ ಅಗಲವಾಯಿತು, ನನ್ನ ಕಾಲು ಅಗಲವಾಗಲಿಲ್ಲ. ಗುಜರಿಯ ರಾಶಿಯ ಹತ್ತಿರ ಜಾಲಿಗಿಡ ನನ್ನ ಕಿಟಕಿಯೊಳಗೆ ಬೆಳೆಯಿತು. ಹರಾಜಿನ ದಿನ ಇಬ್ಬರು ನನ್ನ ಹತ್ತಿರ ಬಂದರು. ಒಬ್ಬರು ಬಾನೆಟ್ ಎತ್ತಿ ಇಂಜಿನ್ನು ನೋಡಿದರು, ಇನ್ನೊಬ್ಬರು ನೆಲಕ್ಕೆ ಬಗ್ಗಿ ಗಾಲಿ ನೋಡಿದರು. ಬಾನೆಟ್ ಎತ್ತಿದವರು ರೈಲು ಓಡಿಸುವ ಬೆಂಜಮಿನ್ನರು. ಗಾಲಿ ನೋಡಿದವರು ಟ್ಯಾಕ್ಸಿ ಓಡಿಸುವ ಫಕೀರಪ್ಪನವರು. ಇಬ್ಬರೂ ಕೂಡಿ ನನ್ನನ್ನು ಕೊಂಡರು.

ಫಕೀರಪ್ಪನವರ ಮನೆಯ ಹಿಂದೆ ಒಂದು ಬಯಲು ಇದೆ. ಅದರ ಬೇಲಿಯ ಆಚೆಗೇ ಗದಗಿನ ರೈಲುದಾರಿ. ಈಚೆ ಕಡೆ ಗೋಡೆ. ಹಳೆಯ ಸಣ್ಣ ಹಳಿಯ ತುಂಡುಗಳನ್ನು ತಂದು ಗೋಡೆಯಿಂದ ಬೇಲಿಯ ತನಕ ಹಾಸಿದರು. ನನ್ನ ಲೋಕ ಅಷ್ಟೇ ಆಯಿತು. ಆದರೂ ಆ ಕಾಲ ಸುಖದ ಕಾಲ. ಬೇಲಿಯ ತನಕ ಓಡುವುದು, ಜಾಕಿನ ಮೇಲೆ ಏರುವುದು, ಬಲಕ್ಕೆ ಫಕೀರಪ್ಪ ಎಡಕ್ಕೆ ಬೆಂಜಮಿನ್ ನಿಂತು ತಿರುಗಿಸುವುದು, ಗೋಡೆಯ ತನಕ ಓಡುವುದು.

“ಜೀವನಾ ಪೂರ್ತಿ ಎಡಕ್ಕ ಹೋಗ್ಲೋ ಬಲಕ್ಕ ಹೋಗ್ಲೋ ಅಂತ ತಲಿ ಕೆಡಿಸ್ಕೊಂಡೇನಿ,” ಎನ್ನುತ್ತಿದ್ದರು ಫಕೀರಪ್ಪನವರು. “ಹಿಂದ ಕುಂತಾವ್ರು ಹಿಂಗ ಹೋಗು ಹಂಗ ಹೋಗು ಅಂತಾರ. ಹಳಿ ಮ್ಯಾಲ ಆ ಕಿರಿಕಿರಿ ಇಲ್ಲ ನೋಡು.”

“ನನಗ ಒಂದ ಸಲ ಎಡಕ್ಕ ತಿರುಗಸಬೇಕು ಅನಸತಿತ್ತಲೇ ಫಕೀರಾ,” ಎನ್ನುತ್ತಿದ್ದರು ಬೆಂಜಮಿನ್ನರು. “ಹಳಿ ಮಗ್ಗಲ ಗುಡದೂರ ಕೆರಿ ಕಂಡ್ರ ಹಂಗ ದಂಡಿಗೆ ಹೋಗಿ ನಿಲ್ಲಬೇಕು ಅನಸೂದು.”

“ಸಾವಿರ ಮಂದಿ ಹಿಂದ ಕುಂತಿದ್ರು, ಎಲ್ಲಾರೂ ಈಜು ಹೊಡೀತಿದ್ರು ಬಿಡು.”

ಭಾನುವಾರ ಚರ್ಚು ಮುಗಿಸಿ ಬೆಂಜಮಿನ್ನರು ಬರುತ್ತಿದ್ದರು. ಊರಿನ ಹಳೆ ಕಾರಿನ ಹುಚ್ಚರು, ರೈಲಿನ ಹುಚ್ಚರು ಕೂಡ ಬರಹತ್ತಿದರು. ಕಾರಿನವರಿಗೆ ನಾನು ಅಂಗಡಿಯಿಂದ ಹೊರಬಿದ್ದ ಮೊದಲ ದಿನದಂತೆ ಮಿಂಚಬೇಕು. ರೈಲಿನವರಿಗೆ ನಾನು ಕೆಲಸ ಬಿಟ್ಟ ಕೊನೆಯ ದಿನದಂತೆ ಮಸಿಯಾಗಿರಬೇಕು. ಬಿಳಿ ನಂಬರಿನ ಮೇಲೆ ಬಟ್ಟೆ ಆಡಿಸಿದರೂ ಅವರು ಹೌಹಾರುತ್ತಿದ್ದರು. ಎರಡೂ ಹುಚ್ಚು ಒಂದೇ ತಲೆಯಲ್ಲಿ ಇದ್ದವರು ಈ ಇಬ್ಬರೇ. ಒಂದು ದಿನ ಯಾರೋ ಕೇಳಿದರು: “ಇದರ ಎವರೇಜ್ ಎಷ್ಟ್ರೀ?”

“ಗ್ವಾಡಿಯಿಂದ ಬೇಲಿಗೆ ಒಂದು ಚಮಚ,” ಎಂದರು ಫಕೀರಪ್ಪನವರು.

ಆರು ವರ್ಷದ ಹಿಂದೆ ಒಮ್ಮೆ ಫಕೀರಪ್ಪನವರು ಕಾಶಿಗೆ ಹೋಗುವವರನ್ನು ಟ್ಯಾಕ್ಸಿಯಲ್ಲಿ ಕರೆದೊಯ್ದರು. ಅವರು ಊರಲ್ಲಿಲ್ಲದಾಗ ಬೆಂಜಮಿನ್ನರು ಒಬ್ಬ ಮಿಸ್ತ್ರಿಯನ್ನು ಕರೆತಂದರು. ನನ್ನಂಥದೇ ಒಂದು ಸತ್ತ ಕಾರಿನ ಮುಂದಿನ ಅಚ್ಚು, ರಬ್ಬರು ಗಾಲಿ, ಸ್ಟಿಯರಿಂಗ್ ಅವರಿಗೆ ಎಲ್ಲಿಯೋ ದೊರೆತಿದ್ದವು. ತಗಡು ಕಿತ್ತು ಚಕ್ರ ಕೂರಿಸಿದರು. ಕಬ್ಬಿಣದ ಗಾಲಿಗಳನ್ನು ಎಣ್ಣೆ ಹಚ್ಚಿ, ಗೋಣಿಚೀಲ ಹೊದಿಸಿ ಜೋಪಾನವಾಗಿ ಇಟ್ಟರು. ಹೆಂಡತಿ ಎಸ್ತರಮ್ಮನವರಿಗೂ ಎಲ್ಲಿಗೆ ಎಂದು ಹೇಳದೆ ಒಂದು ಮುಂಜಾನೆ ನನ್ನನ್ನು ಗದಗಿನ ರಸ್ತೆಗೆ ಇಳಿಸಿದರು.

ಅವರು ರಸ್ತೆಯ ನಟ್ಟನಡುವೆ ಓಡಿಸಿದರು. ಎಡಕ್ಕೂ ಬಲಕ್ಕೂ ಸರಿಯಲಿಲ್ಲ. ಲಾರಿಯವರು ಬೈದರು. ಅಣ್ಣಿಗೇರಿ ದಾಟಿದ ಮೇಲೆ ಒಂದು ಕಡೆ ರೈಲಿನ ಗೇಟು ಹಾಕಿತ್ತು. ಬೆಂಜಮಿನ್ನರು ನನ್ನನ್ನು ಅಲ್ಲಿ ನಿಲ್ಲಿಸಿ, ಇಂಜಿನ್ನು ಆರಿಸಿ, ಕೆಳಗಿಳಿದು ನನ್ನ ಪಕ್ಕದ ಮೆಟ್ಟಿಲ ಮೇಲೆ ನಿಂತರು. ಅವರನ್ನು ಗುರುತಿಸಿದ ಗೇಟಿನವನು ಹಸಿರು ಬಾವುಟ ಹಿಡಿದುಕೊಂಡೇ ನಕ್ಕ.

“ಏನ್ರೀ ಸಾಹೇಬ್ರ, ರೈಲು ನೋಡಿಲ್ಲೇನ್ರೀ ನೀವು?”

“ನೋಡಿಲ್ಲಪಾ. ಒಳಗ ಕುಂತಾವಂಗ ಎಲ್ಲಿ ಕಾಣತೈತಿ.”

ರೈಲು ಬಂದಿತು. ಅವರು ಸಣ್ಣ ಹುಡುಗರಂತೆ ಕೈ ಬೀಸಿದರು. ಕೊನೆಯ ಡಬ್ಬಿ ಮರೆಯಾಗುವ ತನಕ ಬೀಸಿದರು. ಗೇಟು ತೆರೆಯಿತು, ಹಿಂದಿನವರು ಹಾರ್ನ್ ಹೊಡೆದರು. ಅವರು ಕಣ್ಣು ಒರೆಸಿಕೊಂಡು ಒಳಗೆ ಕುಳಿತರು. ಅವತ್ತು ನಾನು ಕಾರಾಗಿ ನಿಂತು ರೈಲು ನೋಡಿದೆ. ನನ್ನ ಎರಡೂ ಕುಲಗಳು ಒಂದಕ್ಕೊಂದು ಎದುರಾದವು. ಬದುಕಿನಲ್ಲಿ ಒಮ್ಮೆ ನನಗೆ ನಾಚಿಕೆಯಾಗಲಿಲ್ಲ.

ಫಕೀರಪ್ಪನವರು ಕಾಶಿಯಿಂದ ಬಂದದ್ದು ಭಾನುವಾರ. ಬಯಲಿನಲ್ಲಿ ಜನ ಸೇರಿತ್ತು. ಕಾರಿನವರು ನನ್ನ ರಬ್ಬರು ಗಾಲಿಯನ್ನು ಹೊಗಳುತ್ತಿದ್ದರು. ಗಂಗಾಜಲದ ತಂಬಿಗೆ ಇನ್ನೂ ಕೈಯಲ್ಲಿದ್ದಂತೆಯೇ ಫಕೀರಪ್ಪನವರು ಬರಿದಾದ ಹಳಿಯನ್ನು ನೋಡಿದರು.

“ಯಾರನ್ನ ಕೇಳಿ ಮಾಡಿದಿ?”

“ಕೂತು ಮಾತಾಡೋಣ ಬಾರಪಾ. ಒಂದು ವಾರ ಬಿಟ್ಟು ಮತ್ತ ಹಾಕೋಣ ಅಂತ…”

“ಮೂವತ್ತು ವರ್ಷ ಹಳಿ ನಿನ್ನ ಕರಕೊಂಡು ಹೋತು, ನೀ ಸುಮ್ಮನ ಕುಂತಿದ್ದಿ. ಈಗ ಸ್ಟಿಯರಿಂಗ್ ಹಿಡದ್ರ ಡ್ರೈವರ್ ಆಗ್ತಿಯೇನೋ? ರೈಲಿನ ಅನ್ನ ಉಂಡು ರೈಲಿನ ಕಾಲು ಕಡದಿ. ನಿನಗ ರೈಲಂದ್ರ ಏನು ಗೊತ್ತೈತಿ?”

ಒಬ್ಬ ಹುಡುಗ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದವನು ಹಾಗೆಯೇ ಕೈ ಇಳಿಸಿದ. ಬೆಂಜಮಿನ್ನರು ನನ್ನ ಎಡ ಬಾಗಿಲಿನ ಮೇಲೆ ಕೈ ಇಟ್ಟುಕೊಂಡಿದ್ದರು. ಕೈ ತೆಗೆದರು.

“ಆತು ಬಿಡು, ಫಕೀರಾ,” ಎಂದು ಹೊರಟುಹೋದರು.

ಗೇಟಿನ ಸಂಗತಿ ಆ ಬಯಲಿನಲ್ಲಿ ಉಳಿದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನನಗೆ ಹಾರ್ನು ಇದೆ, ಬಾಯಿಲ್ಲ. ಹಾರ್ನನ್ನೂ ಬೇರೆಯವರು ಒತ್ತಬೇಕು. ಫಕೀರಪ್ಪನವರು ಆಳು ಕರೆಸಿ ಮತ್ತೆ ಕಬ್ಬಿಣದ ಗಾಲಿ ಹಾಕಿಸಿದರು, ತಗಡು ಬಡಿಸಿದರು. ಸಿಟ್ಟಿನಲ್ಲಿ ಗೋಡೆಯ ತನಕ ಓಡಿಸಿ ನಿಲ್ಲಿಸಿದರು. ತಿರುಗಿಸಲು ಇಬ್ಬರು ಬೇಕು. ಎಡಗಡೆಗೆ ನಿಲ್ಲಲು ಆಳನ್ನು ಕರೆಯಬಹುದಿತ್ತು, ಅವರು ಕರೆಯಲಿಲ್ಲ. ಶಾಲೆಯಲ್ಲಿ ತಪ್ಪು ಮಾಡಿದ ಹುಡುಗನಂತೆ ನಾನು ಗೋಡೆ ನೋಡುತ್ತ ನಿಂತೆ. ಬೆನ್ನ ಹಿಂದೆ ರೈಲುಗಳು ಹೋಗುವುದು ಕೇಳಿಸುತ್ತಿತ್ತು. ಬೆಂಜಮಿನ್ನರ ಮನೆ ಎರಡು ಓಣಿಯ ಆಚೆ. ಹೋಗಬೇಕೆಂದು ಫಕೀರಪ್ಪನವರು ಎಷ್ಟೋ ಸಲ ಅಂಗಿ ಹಾಕಿಕೊಂಡರು. ಬಾಗಿಲ ತನಕ ಹೋಗಿ ಬಂದು ಮತ್ತೆ ಪ್ಲಗ್ಗು ಒರೆಸುತ್ತ ಕುಳಿತರು.

ಸುದ್ದಿ ಬಂದ ಆ ದಿನ ಸಂಜೆ ಅವರು ಒಗೆದ ಧೋತರ ಉಟ್ಟು, ಟೊಪ್ಪಿಗೆ ಇಟ್ಟು ಹೊರಟರು. ದೇವರೇ, ಅಂತೂ ಮಣ್ಣಿಗೆ ಹೋದರಲ್ಲ ಎಂದುಕೊಂಡೆ. ಕತ್ತಲಾಗುವ ಮುಂಚೆ ತಿರುಗಿ ಬಂದರು. ನನ್ನ ಬಾಗಿಲು ತೆರೆದು ಒಳಗೆ ಕುಳಿತು, ಸ್ಟಿಯರಿಂಗ್ ಇದ್ದ ತೂತಿನ ತಗಡಿನ ಮೇಲೆ ಎರಡೂ ಕೈ ಇಟ್ಟರು. ಕೈ ಚೊಕ್ಕಟವಾಗಿದ್ದವು. ಮಣ್ಣು ಹತ್ತಿರಲಿಲ್ಲ.

ಎಂಟು ದಿನದ ಮೇಲೆ, ಭಾನುವಾರ, ಎಸ್ತರಮ್ಮನವರು ಚರ್ಚಿನಿಂದ ನೆಟ್ಟಗೆ ಬಯಲಿಗೆ ಬಂದರು. ಕಂಕುಳಲ್ಲಿ ಬೈಬಲ್ಲು ಇತ್ತು. ಫಕೀರಪ್ಪನವರು ಎದ್ದು ನಿಂತರು, ತಲೆ ಎತ್ತಲಿಲ್ಲ.

“ಅಣ್ಣಾರ, ಸಮಾಧಿ ಗೇಟಿನ ತನಕ ಬಂದಿದ್ರಿ. ನಾ ನೋಡೇನಿ.”

“ಒಳಗ ಬರಾಕ ಕಾಲು ಏಳಲಿಲ್ರೀ ವೈನಿ.”

“ಅವರೂ ಗೇಟಿನ ತನಕ ಹೋಗಿ ನಿಂತಾವ್ರ,” ಎಂದರು ಎಸ್ತರಮ್ಮ. “ಈ ಗಾಡಿ ತಗೊಂಡು ಹೋದ್ರಲ್ಲ, ಯಾಕ ಅಂತ ಗೊತ್ತೈತೇನ್ರಿ? ಗೇಟ್‌ನ್ಯಾಗ ನಿಂತು ರೈಲು ನೋಡಾಕ. ಮೂವತ್ತು ವರ್ಷ ಗೇಟ್‌ನ್ಯಾಗ ನಿಂತಾವ್ರು ಕೈ ಮಾಡೂದು ನೋಡಿದ್ರು, ಒಂದ ಸಲ ತಾವೂ ಕೈ ಮಾಡಬೇಕಂತ ಆಸಿ. ನನಗ ಹೇಳಿದ್ದು ದವಾಖಾನಿಯೊಳಗ, ಹೋದ ತಿಂಗಳ.”

ಫಕೀರಪ್ಪನವರು ಈಗ ತಲೆ ಎತ್ತಿದರು.

“ನನಗ ಒಂದ ಮಾತು ಹೇಳಬಾರದಿತ್ತೇನ್ರೀ? ನಾನ ಟ್ಯಾಕ್ಸಿಯೊಳಗ ಕರಕೊಂಡು ಹೋಗಿರ್ತಿದ್ನಲ್ಲ.”

“ನಾಚಿಕಿ ಅವರಿಗೆ. ರೈಲು ಓಡಿಸಾವ ರೈಲು ನೋಡಾಕ ಹೊಂಟಾನ ಅಂದ್ರ ಫಕೀರಾ ಜೀವ ಇರೂತನಕ ನಗತಾನ, ಅಂದ್ರು.”

“ನಗತಿದ್ದೆ,” ಎಂದರು ಫಕೀರಪ್ಪನವರು. “ಖರೇನ ನಗತಿದ್ದೆ.” ಹಾಗೆನ್ನುತ್ತ ಅತ್ತರು.

ಆಮೇಲೆ ನನ್ನ ಹೊಟ್ಟೆಯ ಕೆಳಗೆ ತೂರಿ ಜಾಕಿಗೆ ಎಣ್ಣೆ ಬಿಟ್ಟರು. ಆರು ವರ್ಷದ ತುಕ್ಕು ಕಿರುಗುಟ್ಟಿತು. ನಾನು ಮೇಲೆದ್ದೆ. ಅವರು ರೂಢಿಯಂತೆ ಬಲಕ್ಕೆ ನಿಂತು ಕೈ ಹಚ್ಚಿದರು, ಎಡಕ್ಕೆ ನೋಡಿದರು, ಅಲ್ಲಿ ಯಾರೂ ಇಲ್ಲದ್ದು ಕಂಡು ಕೈ ಸಡಿಲಿಸಿದರು. ಎಸ್ತರಮ್ಮ ಬೈಬಲ್ಲನ್ನು ಸ್ಟೂಲಿನ ಮೇಲೆ ಇಟ್ಟು ಎಡಗಡೆ ಬಂದರು. ಬೆಂಜಮಿನ್ನರ ಕೈಯಿಂದ ಬಣ್ಣ ಸವೆದ ಜಾಗದಲ್ಲಿಯೇ ಅವರ ಕೈ ಬಿತ್ತು.

“ಹೆಂಗ ನೂಕಬೇಕ್ರಿ?”

“ಜೋರ್ ಬ್ಯಾಡ್ರಿ ವೈನಿ. ನನ್ನ ಸಂಗಾಟ ಬರ್ರಿ, ಸಾಕು.”

ಗೋಡೆ ಸರಿಯಿತು. ಬೇವಿನ ಗಿಡ ಬಂದಿತು, ಅಡಿಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದ ಗಂಗವ್ವ ಕಂಡರು, ಬೇಲಿ ಬಂದಿತು, ಬೇಲಿಯ ಆಚೆ ರೈಲುದಾರಿ ಬಂದಿತು.

“ಇನ್ನೂ ಮಣ್ಣು ಹಾಕಬಹುದೇನ್ರಿ ವೈನಿ?”

“ಮಣ್ಣಿಗೆ ಹೊತ್ತು ಮೀರತೈತೇನ್ರಿ. ನಡೀರಿ.”

ಇಬ್ಬರೂ ಹೋದರು. ಮಧ್ಯಾಹ್ನದ ಹೊತ್ತಿಗೆ ಫಕೀರಪ್ಪನವರು ಬಂದು ನನ್ನ ಎಡ ಬಾಗಿಲಿಗೆ ಒರಗಿ ನಿಂತರು. ಈ ಸಲ ಕೈಗೆ ಕೆಂಪು ಮಣ್ಣು ಮೆತ್ತಿತ್ತು. ತೊಳೆದುಕೊಂಡಿರಲಿಲ್ಲ. ಅದರಲ್ಲಿ ಸ್ವಲ್ಪ ನನಗೂ ಹತ್ತಿತು. ಗದಗಿನ ಕಡೆಯಿಂದ ಒಂದು ರೈಲು ಬಂದಿತು. ಅವರು ಆ ಮಣ್ಣಿನ ಕೈಯನ್ನೇ ಎತ್ತಿ, ಕೊನೆಯ ಡಬ್ಬಿ ದಾಟುವ ತನಕ ಬೀಸಿದರು.

ನಾನು ಮುದಿಯಾಗಿದ್ದೇನೆ. ಇನ್ನು ಮೇಲೆ ಹಳಿಯಾಗಲಿ ರಸ್ತೆಯಾಗಲಿ ನನಗೆ ಬೇಡ. ನನ್ನ ನಾಚಿಕೆ ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಕಬ್ಬಿಣಕ್ಕೆ ಪ್ರಾರ್ಥನೆಯ ಅಧಿಕಾರ ಇದೆಯೋ ಇಲ್ಲವೋ ತಿಳಿಯದು. ಆದರೂ ಬೇಡುತ್ತೇನೆ. ಕರ್ತನೇ, ನಿನ್ನ ಊರಿನ ಗೇಟು ಹಾಕಿದ್ದರೆ ಬೆಂಜಮಿನ್ನರು ಬೇಸರಪಡುವವರಲ್ಲ, ಅಲ್ಲಿ ನಿಲ್ಲುವುದು ಅವರಿಗೆ ಇಷ್ಟ. ಅವರ ಎದುರು ಒಂದು ಉದ್ದನೆಯ ರೈಲು ಹೋಗಲಿ, ಅವರು ಕಣ್ತುಂಬ ನೋಡಲಿ. ಆಮೇಲೆ ಗೇಟು ತೆರೆದು ಅವರನ್ನು ಒಳಗೆ ಕರೆದುಕೋ. ಆ ಆತ್ಮಕ್ಕೆ ಶಾಂತಿ ಕೊಡು.