ಮಾವನ ಪಿಯಾನೊ, ನನ್ನ ಶ್ರುತಿಕವೆ

ಮೊದಲು ಕಾಲಾನುಕ್ರಮ. 1919: ನನ್ನ ಸೋದರಮಾವ ಸುಬ್ಬರಾಯನ್ ಹದಿನಾರನೆಯ ವಯಸ್ಸಿನಲ್ಲಿ ಸೇಲಂನ ನಮ್ಮ ಮಗ್ಗದ ಮನೆಯನ್ನು ಬಿಟ್ಟು, ಮೂಕಿ ಚಿತ್ರಗಳ ಡೇರೆಯಲ್ಲಿ ಹಾರ್ಮೋನಿಯಂ ನುಡಿಸಲು ಹೊರಟರು. 1927: ಮದರಾಸಿನ ಹೋಟೆಲೊಂದರಲ್ಲಿ ಪಿಯಾನೊ. 1934: ಬೊಂಬಾಯಿಯ ಜಾಜ್ ತಂಡ, ಸ್ವಿಂಗ್ ಎಂಬ ಹೊಸ ಲಯಕ್ಕೆ ಅವರ ಎಡಗೈ ಹೆಸರಾಯಿತು. ಆ ಲಯವನ್ನು ಮಗ್ಗದ ತುಳಿಹಲಗೆಯೇ ಕಲಿಸಿತೆಂದು ಹೇಳುತ್ತಿದ್ದರು. 1937ರ ಜೂನ್: ಕಾರಣ ಹೇಳದೆ ಮನೆಗೆ ಮರಳಿದರು. 1938ರ ಮಾರ್ಚ್ 14: ಕಲ್ಕತ್ತೆಯ ತಂಡವೊಂದರಿಂದ ಕರೆ ಬಂದಿತು. ಇಪ್ಪತ್ತರೊಳಗೆ ಹೊರಡದಿದ್ದರೆ ಆ ಜಾಗ ಬೇರೊಬ್ಬರಿಗೆ.

ನಮ್ಮ ಮನೆಯಲ್ಲಿ ಆರು ಮಗ್ಗಗಳಿವೆ. ಅವು ನಡೆಯುವಾಗ ಕೂಗು ಯಾರಿಗೂ ಕೇಳಿಸುವುದಿಲ್ಲ. ಆದ್ದರಿಂದ ಕರೆಯಬೇಕಾದರೆ ಮಗ್ಗದ ಕಂಬವನ್ನು ತಟ್ಟುತ್ತೇವೆ; ಮಾತನ್ನು ತುಟಿ ನೋಡಿ ತಿಳಿಯುತ್ತೇವೆ.

"ಬೊಂಬಾಯಿ ದೊರೆ! ಊಟ ಆರೋಗ್ತೈತೆ, ಎದ್ದೇಳಲಾ," ಎಂದು ಅಜ್ಜಿ ಪಾಪಾತಿ ದಿನವೂ ಕಂಬ ತಟ್ಟಿ ಮಗನನ್ನು ಬೈಯುತ್ತಿದ್ದಳು.

ಹದಿನೆಂಟರಂದು ಬೆಳಿಗ್ಗೆ ಅಭ್ಯಾಸಕ್ಕೆಂದು ಮಾವ ಅಜ್ಜಿಯನ್ನೂ ನನ್ನನ್ನೂ ಜಂಕ್ಷನ್ ಬಳಿಯ ಕ್ಲಬ್ಬಿಗೆ ಕರೆದೊಯ್ದರು. ಅಲ್ಲಿನ ಪಿಯಾನೊ ಬಹುಕಾಲದಿಂದ ಮುಚ್ಚಿತ್ತು, ಶ್ರುತಿ ಕೆಟ್ಟಿತ್ತು.

"ಶ್ರುತಿ ನೀನೇ ಕೂಡ್ಸು ರಘುಪತಿ. ಬಿ.ಎಸ್ಸಿ. ಸುಮ್ನೆ ಓದಿದ್ಯಾ?" ಎಂದರು ಮಾವ.

ನನ್ನ ಶ್ರುತಿಕವೆಯನ್ನು, ಅಂದರೆ ಬಡಿದರೆ ಒಂದೇ ಸ್ವರ ಮೊಳಗುವ ಎರಡು ಕವಲಿನ ಉಕ್ಕಿನ ಕಡ್ಡಿಯನ್ನು, ಬಾರಿಸಿ ಬಾರಿಸಿ, ಎರಡು ಗಂಟೆಯಲ್ಲಿ ತಂತಿಗಳನ್ನು ಸರಿಪಡಿಸಿದೆ. ಮಾವ ಬರಿಗಾಲಿನಲ್ಲಿ ಕುಳಿತು ನುಡಿಸತೊಡಗಿದರು. ಮೂರನೆಯ ನಿಮಿಷದಲ್ಲಿ, ನಾನು ಬಿಗಿಯಾಗಿ ಕೂರಿಸದಿದ್ದ, ತಂತಿ ಸುತ್ತುವ ಮೊಳೆಯೊಂದು ಜಾರಿ, ನಡುವಿನ ತಂತಿ ಸಡಿಲಗೊಂಡಿತು.

"ಅಯ್ಯೋ, ನಿಲ್ಸಲಾ! ತಗಡು ಕೆರ್ದಂಗೈತೆ!" ಅಜ್ಜಿ ಕಿವಿ ಮುಚ್ಚಿಕೊಂಡಳು.

ಮಾವ ಮುಗುಳ್ನಗುತ್ತ ಅದೇ ಕೀಲಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದರು. ಬೆನ್ನ ಹಿಂದೆ ನಿಂತು ಕೂಗಿದೆ. ತಿರುಗಲಿಲ್ಲ. ಮರದ ನೆಲವನ್ನು ಒಮ್ಮೆ ತುಳಿದೆ. ತಕ್ಷಣ ತಿರುಗಿದರು. ಎದುರಿಗೆ ಹೋಗಿ ನಿಂತೆ.

"ಯಾವಾಗಿಂದ ಕೇಳಿಸ್ತಿಲ್ಲ, ಮಾವ?"

ನನ್ನ ತುಟಿಯನ್ನೇ ನೋಡಿದರು. "ಬೊಂಬಾಯಿ ಬಿಡೋಕ್ ಮುಂಚಿಂದ. ಬೆರಳಿಗೆ ಎಲ್ಲಾ ಗ್ಯಾಪ್ನ ಐತೆ."

"ಒಂಬತ್ತು ತಿಂಗ್ಳು ನಾನ್ ಬೈದಿದ್ದೆಲ್ಲ ಗಾಳಿಗಾ?" ಎಂದಳು ಅಜ್ಜಿ.

ಮಾವ ಶ್ರುತಿಕವೆಯನ್ನು ನನ್ನ ಕೈಗಿತ್ತರು. "ಇದನ್ನ ಎಲುಬಿನ ಮೇಲಿಕ್ಕಿದ್ರೆ ಕೆಲವ್ರಿಗೆ ಕೇಳಿಸ್ತೈತೆ ಅಂತ ಡಾಕ್ಟ್ರು ಏಳಿದ್ರು. ಕೇಳಿಸಿದ್ರೆ ನಾಳೆ ರೈಲತ್ತುತೀನಿ, ಅಲ್ಲು ಕಚ್ಚಿ ಏಗಾದ್ರೂ ನುಡಿಸ್ತೀನಿ. ಇಲ್ದಿದ್ರೆ ಬರಾಕಿಲ್ಲ ಅಂತ ನೀನೇ ಬರ್ದಾಕು. ಸುಳ್ಳೇಳ್ಬೇಡ."

ಕಣ್ಣು ಮುಚ್ಚಿಕೊಳ್ಳಬೇಕು, ಕೇಳಿಸಿದರೆ ಬೆರಳೆತ್ತಬೇಕು ಎಂದು ನಿಯಮ ಹೇಳಿದೆ. ಬಾರಿಸಿದ ಕವೆಯನ್ನು ಮೊದಲು ಎಡಗಿವಿಯ ಬಳಿ, ಆಮೇಲೆ ಬಲಗಿವಿಯ ಬಳಿ ಹಿಡಿದೆ. ಬೆರಳು ಏಳಲಿಲ್ಲ. ಅದರ ಬುಡವನ್ನು ಎಡಗಿವಿಯ ಹಿಂದಿನ ಮೂಳೆಗೆ ಒತ್ತಿದೆ. ಬೆರಳೆತ್ತಿದರು.

"ಮುರುಗಾ!" ಅಜ್ಜಿ ಕೈಮುಗಿದಳು.

ಬಲಗಿವಿಯ ಹಿಂದೆ ಇಟ್ಟೆ. ಬೆರಳೆತ್ತಿದರು. ಮುಖವೆಲ್ಲ ಬೆಳಗಿತ್ತು.

ಪ್ರಯೋಗ ಅಲ್ಲಿಗೆ ಪೂರ್ಣವಾಗದು. ಮೂರನೆಯ ಬಾರಿ, ಕವೆಯನ್ನು ಬಾರಿಸದೆಯೇ ಎಡಗಡೆ ಇಟ್ಟೆ. ಬೆರಳೆತ್ತಿದರು. ನಾಲ್ಕನೆಯ ಬಾರಿ, ಬಾರಿಸದೆಯೇ ಬಲಗಡೆ. ಬೆರಳೆತ್ತಿ ನಕ್ಕರು.

ಫಲಿತಾಂಶ: ಬೆರಳೆತ್ತಿದ್ದು ಕವೆಯ ಸ್ಪರ್ಶಕ್ಕೆ, ನಾದಕ್ಕಲ್ಲ; ಗಾಳಿಯ ಮೂಲಕವಾಗಲಿ, ಮೂಳೆಯ ಮೂಲಕವಾಗಲಿ, ಎರಡೂ ಕಿವಿಗಳಲ್ಲಿ ಶ್ರವಣವಿಲ್ಲ.